ಹದಿನೈದು ಮಾರಿನ ಹೊಳೆ

ಎತ್ತರದವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಮುಚ್ಚಿಡುವುದೇಕೆ? ಬಸ್ಸಿನ ಮೇಲಿನ ಹಿಡಿಕೆ ನನಗೆ ಎಟುಕಿದ್ದೇ ಇಲ್ಲ. ವಿಜಯಪುರದಿಂದ ಸಾರವಾಡದ ಶಾಲೆಗೆ ಇಷ್ಟು ವರ್ಷ ಪಕ್ಕದವರ ಹೆಗಲು ಹಿಡಿದೇ ಹೋಗಿದ್ದೇನೆ. ಹೊನವಾಡದಲ್ಲಿ ದ್ರಾಕ್ಷಿ ಬೆಳೆಯುವ ನನ್ನ ಹೆಂಡತಿಯ ಅಣ್ಣನಂತೂ ನಮ್ಮ ಬಾಗಿಲಲ್ಲಿ ತಲೆ ತಗ್ಗಿಸಿಯೇ ಒಳಗೆ ಬರುವ ಆಳು. ಎತ್ತರದಲ್ಲಿ, ಮಾತಿನಲ್ಲಿ, ಊಟದಲ್ಲಿ ಎಂದೂ ಈ ಭಾವನನ್ನು ಮೀರಿಸಲಾಗದ ನಾನು ಒಮ್ಮೆಯಾದರೂ ಗೆಲ್ಲಬೇಕೆಂದು ಕಾಯುತ್ತಿದ್ದೆ.

ಅಂಥದ್ದರಲ್ಲಿ ಮೊಬೈಲಿನಲ್ಲಿ ಓದಿದೆ: ಜಗತ್ತಿನ ಅತಿ ಗಿಡ್ಡ ನದಿ ನಮ್ಮದು, ಅಲ್ಲ ನಮ್ಮದು ಎಂದು ಅಮೆರಿಕದ ಎರಡು ಊರಿನವರು ಜಗಳಾಡಿದ್ದರಂತೆ. ಒಂದು ಊರಿನವರು ಸಮುದ್ರ ಉಬ್ಬಿ ನದಿಯನ್ನು ಅರ್ಧ ನುಂಗಿದ ಹೊತ್ತು ನೋಡಿ ಅಳೆದರಂತೆ! ನನಗೆ ಮೈ ಜುಮ್ಮೆಂದಿತು. ಗಿಡ್ಡದಕ್ಕೂ ಲೋಕದಲ್ಲಿ ಇಷ್ಟು ಮಾನವೇ! ಸಾರವಾಡದ ನಮ್ಮ ಹೊಲದಲ್ಲೊಂದು ಒರತೆಯಿದೆ. ಹುಟ್ಟಿ ಉಸಿರು ಬಿಡುವಷ್ಟರಲ್ಲಿ ಅದು ಡೋಣಿ ಹೊಳೆ ಸೇರುತ್ತದೆ. ಕೂಡಲೇ ಭಾವನಿಗೆ ಫೋನು ಹಚ್ಚಿದೆ.

"ಜಗತ್ತಿನಾಗ ಗಿಡ್ಡ ನದಿ ನಮ್ಮ ಹೊಲದಾಗ ಐತ್ರಿ!"

"ಹೋಗ್ರಿ ಮಾಸ್ತರ! ನಮ್ಮ ದ್ರಾಕ್ಷಿ ಪಡದ ಒರತಿ ಹಳ್ಳ ಸೇರೋದು ಅದಕ್ಕೂ ಗಿಡ್ಡ ಐತಿ."

ಇಬ್ಬರೂ ತಮ್ಮ ತಮ್ಮ ಒರತೆಯ ಉದ್ದಕ್ಕೆ ಹಗ್ಗ ಹಿಡಿದು ಕತ್ತರಿಸಿ ತಂದು ಅಳೆಯುವುದು, ಸೋತವರು ದೀಪಾವಳಿಯಲ್ಲಿ ನೆಂಟರೆಲ್ಲರ ಮುಂದೆ ಸೋಲು ಒಪ್ಪುವುದು ಎಂದು ಠರಾವಾಯಿತು. ಮುಂದಿನ ರವಿವಾರ ಭಾವ ಹಗ್ಗದ ಸಿಂಬಿಯೊಂದಿಗೆ ಗೋಳಗುಮ್ಮಟದ ಹತ್ತಿರದ ನಮ್ಮ ಮನೆಗೆ ಬಂದ. ಹಿರಿಯರ ಪದ್ಧತಿಯಂತೆ ಎರಡೂ ತೋಳು ಚಾಚಿ ಮಾರು ಹಾಕಿದ. ಅವನ ಹಗ್ಗ ಹದಿಮೂರು ಮಾರು. ನನ್ನ ಹಗ್ಗವನ್ನು ನಾನು ತೋಳು ಚಾಚಿ ಚಾಚಿ ಅಳೆದೆ. ಹದಿನೈದು! ನನ್ನ ಜೀವವೇ ಹಾರಿಹೋಯಿತು.

ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದ ಹೆಂಡತಿ ಮೊರದಿಂದ ಕಣ್ಣೆತ್ತದೆಯೇ, "ಅಣ್ಣನ ಮಾರು ಬ್ಯಾರೆ, ನಿಮ್ಮ ಮಾರು ಬ್ಯಾರೆ. ಎರಡೂ ಹಗ್ಗ ಬಾಜೂಕ ಬಾಜೂಕ ಹಾಸ್ರಿ" ಎಂದಳು.

ಓಣಿಯಲ್ಲಿ ಹಾಸಿದೆವು. ನನ್ನ ಹಗ್ಗವೇ ಒಂದು ಮೊಳ ಗಿಡ್ಡ! ನಡುಬೀದಿಯಲ್ಲಿ ನಾನು ಕುಣಿದೇಬಿಟ್ಟೆ.

"ಒಪ್ಪಿದೆ ಮಾಸ್ತರ," ಎಂದ ಭಾವ, ತಲೆ ಕೆರೆಯುತ್ತ. "ಆದ್ರ ಗಿಡ್ಡ ಹಗ್ಗ ಹದಿನೈದು ಮಾರು ಹ್ಯಾಂಗಾತು?"

ಹೆಂಡತಿ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದಳು. ಅದಕ್ಕೆ ಹೆಚ್ಚು ಹೊತ್ತೇನೂ ಹಿಡಿಯಲಿಲ್ಲ.

ದೀಪಾವಳಿಗೆ ಭಾವ ಮಾತು ಉಳಿಸಿಕೊಂಡ. ಎಲ್ಲರ ಮುಂದೆ ಎದ್ದು ನಿಂತು ಸೋಲು ಒಪ್ಪಿದ. ಹೇಗೆ ಸೋತೆನೆಂದು ತೋಳು ಚಾಚಿ ಸವಿಸ್ತಾರವಾಗಿ ವಿವರಿಸಿದ. ಈಗ ನೆಂಟರಲ್ಲಿ ಯಾರಿಗೂ ಆ ನದಿಯ ನೆನಪಿಲ್ಲ. ಹೋದಲ್ಲೆಲ್ಲ, "ಬರ್ರಿ, ಹದಿನೈದು ಮಾರಿನ ಮಾಸ್ತರ!" ಎನ್ನುತ್ತಾರೆ. ಗೆದ್ದವನು ನಾನೇ ಎಂದು ಅವರಿಗೆಲ್ಲ ನೆನಪಿಸಬೇಕೆನಿಸುತ್ತದೆ. ಆದರೆ ನೆನಪಿಸಲು ಮತ್ತೆ ಹಗ್ಗ ತರಬೇಕಲ್ಲ!