ಪೀಪಾಯಿ ಕೋಣೆಯ ಕುಡಿಯದ ಮಂದಿ

ಬಿಯರನ್ನು ಕಟ್ಟಿಗೆಯ ಪೀಪಾಯಿಗೆ ತುಂಬಿ ಮಲಗಿಸಿದ ಮೇಲೆ ಹತ್ತು ತಿಂಗಳು ಏನೂ ನಡೆಯುವುದಿಲ್ಲ ಎಂದು ನಾನು ಓದಿದ ಪುಸ್ತಕಗಳು ಹೇಳುತ್ತವೆ. ಅವುಗಳನ್ನು ಬರೆದವರು ನಮ್ಮ ಗೋದಾಮಿಗೆ ಬಂದವರಲ್ಲ. ಇಲ್ಲಿ ಪೀಪಾಯಿಗಳು ಮಲಗಿರುತ್ತವೆ, ಸುತ್ತಲಿನ ಮಂದಿ ಮಲಗುವುದಿಲ್ಲ. ವಾರಕ್ಕೊಂದು ಏನಾದರೂ ಆಗಿಯೇ ಆಗುತ್ತದೆ.

ಗದಗದಿಂದ ಮುಂಡರಗಿ ಕಡೆಗೆ ಹೋಗುವ ರಸ್ತೆಯಲ್ಲಿ ಹಳೆಯ ಹತ್ತಿ ಗೋದಾಮೊಂದನ್ನು ಹಿಡಿದು ನಮ್ಮ ಮಾಲಕರು ಸಣ್ಣದೊಂದು ಬಿಯರ್ ತಯಾರಿಕೆ ಶುರುಮಾಡಿದರು. ಕಲ್ಲಿನ ಗೋಡೆ, ಒಳಗೆ ಬೇಸಿಗೆಯಲ್ಲೂ ತಂಪು. ನಾನು ಅಲ್ಲಿ ಲ್ಯಾಬಿನಲ್ಲಿದ್ದೇನೆ. ಸೂಕ್ಷ್ಮದರ್ಶಕದಲ್ಲಿ ಯೀಸ್ಟ್ ನೋಡುವುದು, ಹುಳಿ ಅಳೆಯುವುದು, ಬರೆದಿಡುವುದು. ಮಾತು ಕಡಿಮೆ ಬೇಕಾದ ಕೆಲಸ, ಅದಕ್ಕೇ ಒಪ್ಪಿಕೊಂಡೆ.

ಸಂದರ್ಶನದಲ್ಲಿ ಮಾಲಕರು ಕೇಳಿದ್ದು ಒಂದೇ ಪ್ರಶ್ನೆ. "ಕುಡೀತೀಯೇನವಾ?"

"ಇಲ್ಲ ಸರ್."

"ಛಲೋ ಆತು. ಮೊದಲಿದ್ದಾಂವ ಭಾಳ ಶಾಣ್ಯಾ ಇದ್ದ. ಆದ್ರ ಅಂವಾ ಬರದಿಟ್ಟ ಲೆಕ್ಕಕ್ಕೂ ಪೀಪಾಯಾಗ ಉಳದದ್ದಕ್ಕೂ ತಾಳಾ ಬೀಳತಿರಲಿಲ್ಲ."

ಗುಲಾಬಿ, ಮಲ್ಲಿಗೆ, ಕರಿಬೇವು

ಪೀಪಾಯಿಗಳು ನಾಲ್ಕೇ. ಮಾಲಕರಿಗೆ ಅವುಗಳ ಮೇಲೆ ಜೀವ. ಅವರ ಹೆಂಡತಿಗೆ, ಅಂದರೆ ನಾವೆಲ್ಲ ಅಕ್ಕಾರು ಎನ್ನುವವರಿಗೆ, ಅವುಗಳನ್ನು ಕಂಡರೆ ಸಿಟ್ಟು. ಸ್ಟೀಲಿನ ಟಾಕಿಯಲ್ಲಿ ಮೂರು ವಾರದಲ್ಲಿ ಆಗುವ ಬಿಯರನ್ನು ಹತ್ತು ತಿಂಗಳು ಯಾಕೆ ಮಲಗಿಸಬೇಕು ಎಂಬುದು ಅವರ ಪ್ರಶ್ನೆ. ಕಡೆಗೆ ಗಂಡ ಹೆಂಡಿರ ನಡುವೆ ಒಂದು ಮಾತಾಯಿತು. ಬೆಂಗಳೂರಿನ ಹೋಟೆಲಿನವರೊಬ್ಬರು ರುಚಿ ನೋಡಲು ಬರುತ್ತಾರೆ. ಅವರು ಒಪ್ಪಿದರೆ ಪೀಪಾಯಿ ಕೋಣೆ ಉಳಿಯುತ್ತದೆ. ಒಪ್ಪದಿದ್ದರೆ ನಾಲ್ಕನ್ನೂ ನಡುವೆ ಕೊಯ್ದು ಅಕ್ಕಾರ ಅಂಗಳಕ್ಕೆ ಹೂವಿನ ಕುಂಡ ಮಾಡುವುದು.

ಅಕ್ಕಾರು ಪ್ರತಿ ವಾರ ಟೇಪು ಹಿಡಿದು ಬಂದು ಪೀಪಾಯಿಗಳ ಸುತ್ತಳತೆ ತೆಗೆದುಕೊಂಡು ಹೋಗುತ್ತಿದ್ದರು. ಒಂದು ದಿನ ಸಸಿಗಳನ್ನೂ ತಂದು ಬಾಗಿಲ ಪಕ್ಕ ಇಳಿಸಿದರು. ಯಾವುದರಲ್ಲಿ ಯಾವುದು ಎಂದು ಮರೆಯಬಾರದಲ್ಲ, ಪೀಪಾಯಿಗಳ ಮೇಲೆ ಸೀಮೆಸುಣ್ಣದಲ್ಲಿ ಬರೆದೂ ಬಿಟ್ಟರು: ಗುಲಾಬಿ, ಮಲ್ಲಿಗೆ, ದಾಸವಾಳ, ಕರಿಬೇವು.

ನಾನು ಹಾಕಿದ್ದ ಇಂಗ್ಲಿಷ್ ನಂಬರುಗಳನ್ನು ಅಲ್ಲಿಯವರೆಗೆ ಯಾರೂ ಓದಿರಲಿಲ್ಲ. ಈ ಹೆಸರುಗಳು ಮಾತ್ರ ಒಂದೇ ದಿನಕ್ಕೆ ಎಲ್ಲರ ಬಾಯಿಗೆ ಹತ್ತಿದವು. ಮರುದಿನ ವಾಚ್‌ಮನ್ ಕಾಕಾ ಓಡಿ ಬಂದು ಮಾಲಕರಿಗೆ ಹೇಳಿದರು, "ಜಲ್ದಿ ಬರ್ರಿ, ಕರಿಬೇವು ಸೋರಾಕತ್ತೈತಿ!"

ಮೂಗಿನ ಮಾತು

ಸೋರುವ ಪೀಪಾಯಿ ರಿಪೇರಿ ಮಾಡುವವರು ಗದಗದಲ್ಲಿ ಯಾರಿದ್ದಾರೆ? ಹಿರೇವಡ್ಡಟ್ಟಿಯ ಚಾಚಾ ಒಬ್ಬರು ಚಕ್ಕಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಏರಿಸುವುದರಲ್ಲಿ ಹೆಸರಾದವರು. ಪೀಪಾಯಿಗೂ ಸುತ್ತ ಪಟ್ಟಿಯೇ ಅಲ್ಲವೇ, ಅವರನ್ನೇ ಕರೆಸಿದರು.

ಚಾಚಾ ಐದು ಹೊತ್ತು ನಮಾಜು ಮಾಡುವವರು. ಒಳಗಿರುವುದು ಏನು ಎಂದು ಅವರಿಗೆ ಹೇಗೆ ಹೇಳುವುದು ಎಂದು ಮಾಲಕರಿಗೆ ಚಿಂತೆ. ಅವರು ಕೇಳಿಯೂ ಕೇಳಿದರು. "ಒಳಗ ಏನೈತ್ರಿ ಮಾಲಕ್ರ?"

ಮಾಲಕರು ಗೋಡೆ ನೋಡುತ್ತ, "ಅದರಿ... ಜವೆಗೋಧಿ ನೀರು," ಎಂದರು.

ಚಾಚಾ ಕುಕ್ಕರಗಾಲಿನಲ್ಲಿ ಕುಳಿತರು. ಪೀಪಾಯಿಯ ಮೈಗೆ ಕಿವಿಯಿಟ್ಟು ಅಲ್ಲಲ್ಲಿ ಬೆರಳಿನಿಂದ ತಟ್ಟಿದರು. ಸುತ್ತಿಗೆಯಿಂದ ಪಟ್ಟಿಯನ್ನು ಸುತ್ತ ಒಂದೊಂದೇ ಪೆಟ್ಟು ಹಾಕುತ್ತ ಕೆಳಗಿಳಿಸಿದರು. ಸಂದಿಗೆ ಜೇನುಮೇಣ ತೀಡಿದರು. ಸೋರುವುದು ನಿಂತಿತು. ಪುಸ್ತಕದಲ್ಲಿ ಹನ್ನೆರಡು ಪುಟ ಇದ್ದ ಕೆಲಸವನ್ನು ಅವರು ಒಂದು ಚಹಾ ಆರುವುದರೊಳಗೆ ಮುಗಿಸಿದ್ದರು.

ಕೈ ಒರೆಸಿಕೊಳ್ಳುತ್ತ ಹೇಳಿದರು, "ಕಟ್ಟಿಗಿ ಕೆಲಸ ನಂದು, ಒಳಗಿಂದು ನಿಮ್ದು. ನಾ ಕೇಳಾಂವ ಅಲ್ಲ. ಆದ್ರ ಒಂದು ಮಾತು ಮಾಲಕ್ರ, ನಾ ಕುಡಿಯಂಗಿಲ್ಲ ಖರೆ, ಮೂಗೇನು ಕೊಯ್ಸಿಕೊಂಡಿಲ್ಲ."

ಭರಣಿಯ ನೇಮ

ಕಸ ಗುಡಿಸಲು ಹರ್ತಿಯಿಂದ ಒಬ್ಬ ಅಮ್ಮ ಬರುತ್ತಾರೆ. ಪೀಪಾಯಿ ಅವರ ಲೆಕ್ಕದಲ್ಲಿ ದೊಡ್ಡ ಉಪ್ಪಿನಕಾಯಿ ಭರಣಿ. ಒದ್ದೆ ಕೈಯಲ್ಲಿ ಮುಟ್ಟಬಾರದು, ಹತ್ತಿರ ನಿಂತು ಸೀನಬಾರದು, "ಛಲೋ ಆಗೇತಿ" ಎಂದು ಹೊಗಳಬಾರದು, ದೃಷ್ಟಿಯಾಗುತ್ತದೆ. ಇವೆಲ್ಲ ನನ್ನ ಲ್ಯಾಬಿನ ನಿಯಮಗಳಿಗಿಂತ ಕಟ್ಟುನಿಟ್ಟಾಗಿ ನಡೆಯುತ್ತಿದ್ದವು. ನಾನು ಖುಷಿಯಾಗಿಯೇ ಇದ್ದೆ.

ಆದರೆ ಪ್ರತಿ ಪೀಪಾಯಿಯ ಬೂಚಿನಲ್ಲಿ ಒಂದು ಸಣ್ಣ ನಳಿಕೆ ಇರುತ್ತದೆ. ಒಳಗಿನ ಗಾಳಿ ಅದರಲ್ಲಿ ತುಂಬಿದ ನೀರಿನ ಮೂಲಕ ಗುಳುಗುಳು ಎಂದು ಹೊರಗೆ ಹೋಗುತ್ತಿರಬೇಕು. ಅಮ್ಮ ಅದನ್ನು ನೋಡಿ ಕಂಗಾಲಾದರು. ಭರಣಿಯ ಬಾಯಿ ಯಾರಾದರೂ ತೆರೆದಿಡುತ್ತಾರೆಯೇ? ಗುಲಾಬಿಯ ನಳಿಕೆ ಕಿತ್ತು, ಆ ತೂತಿಗೆ ಸೀರೆಯ ಚಿಂದಿ ಗಿಡಿದು, ಮೇಲೆ ಬಟ್ಟೆ ಬಿಗಿದು ಕಟ್ಟಿ ಮನೆಗೆ ಹೋದರು.

ಮರುದಿನ ಬೆಳಿಗ್ಗೆ ಕಾಕಾ ಊದಿನಕಡ್ಡಿ ಹಿಡಿದು ಎಂದಿನಂತೆ ಕೋಣೆಗೆ ಬಂದರು. ಅವರದು ತಲೆತಲಾಂತರದಿಂದ ಗುಡಿಯ ಸೇವೆಯ ಮನೆತನ. ಹಣೆಗೆ ವಿಭೂತಿ, ಬಿಳಿ ಧೋತರ. ಗುಲಾಬಿಯ ಮುಂದೆ ಕೈ ಮುಗಿದರು. ಅಷ್ಟರಲ್ಲಿ ಢಂ ಎಂದು ಬೂಚು ಹಾರಿ ಜಂತೆಗೆ ಬಡಿಯಿತು. ಅದರ ಹಿಂದೆಯೇ ಕಂದು ನೊರೆ ಕಾರಂಜಿಯಂತೆ ಎದ್ದು ಕಾಕಾರ ನೆತ್ತಿಯಿಂದ ಪಾದದವರೆಗೆ ಅಭಿಷೇಕ ಮಾಡಿತು.

ಸ್ನಾನಕ್ಕೆಂದು ಅವರನ್ನು ಬೆಟಗೇರಿಯ ಮನೆಗೆ ಬಸ್ಸಿನಲ್ಲಿ ಕಳಿಸಿದೆವು. ಸಂಜೆ ಬಂದಾಗ, "ಕಾಕಾ, ಬಸ್ಸು ರಶ್ ಇತ್ತಾ?" ಎಂದು ಮೆಲ್ಲಗೆ ಕೇಳಿದೆ.

"ರಶ್ ಭಾಳ ಇತ್ತವಾ," ಎಂದರು ಕಾಕಾ. "ಆದ್ರ ಮೂರು ಮಂದಿ ಕುಂಡ್ರೂ ಸೀಟು ನನಗೊಬ್ಬಂಗ ಬಿಟ್ಟುಕೊಟ್ರು. ಕಂಡಕ್ಟರ್ ಸೈತ ಟಿಕೆಟ್ ಕೇಳಾಕ ದೂರಿಂದ ಕೈ ಮಾಡಿದ."

ಕಟ್ಟಿಗೆ ಕಂಪನಿ

ಮನೆಯಲ್ಲಿ ನನ್ನ ಕೆಲಸ ಏನೆಂದು ಗೊತ್ತು. ಓಣಿಗೆ ಗೊತ್ತಿಲ್ಲ. ಪೀಪಾಯಿ ಕಟ್ಟಿಗೆಯದೇ ಅಲ್ಲವೇ, ಸುಳ್ಳಾಗದಂತೆ ಅವ್ವ ಎಲ್ಲರಿಗೂ ಹೇಳಿಬಿಟ್ಟಿದ್ದಾಳೆ: "ನಮ್ಮಾಕಿ ಕಟ್ಟಿಗಿ ಕಂಪನ್ಯಾಗ ಅದಾಳ."

ಶಿರಹಟ್ಟಿಯಿಂದ ನನ್ನನ್ನು ನೋಡಲು ಬಂದವರಿಗೂ ಅದನ್ನೇ ಹೇಳಿದಳು. ಹುಡುಗನ ಅಪ್ಪನ ಮುಖ ಅರಳಿತು. ಹುಡುಗಿಗೆ ಹಾಡಲು ಬರುತ್ತದೆಯೇ, ಅಡಿಗೆ ಬರುತ್ತದೆಯೇ, ಒಂದೂ ಕೇಳಲಿಲ್ಲ. ಹೊಸ ಮನೆ ಕಟ್ಟಿಸುತ್ತಿದ್ದರಂತೆ. ಅವಲಕ್ಕಿ ಪ್ಲೇಟು ಕೆಳಗಿಟ್ಟು, "ತಂಗಿ, ಮುಂಚಿ ಬಾಗಲಕ್ಕ ಸಾಗವಾನಿ ಛಲೋನೋ, ಮತ್ತಿ ಛಲೋನೋ?" ಎಂದರು.

ನನಗೆ ಗೊತ್ತಿದ್ದುದು ನಮ್ಮ ಪೀಪಾಯಿಯ ಓಕ್ ಮರ ಒಂದೇ. ತಲೆ ತಗ್ಗಿಸಿ ಸುಮ್ಮನೆ ಕುಳಿತೆ. ಹುಡುಗಿ ಭಾಳ ಮರ್ಯಾದಸ್ಥೆ ಎಂದು ಅವರು ಮೆಚ್ಚಿದರಂತೆ. ಸಂಬಂಧ ಮಾತ್ರ ಕೂಡಲಿಲ್ಲ. ಹುಡುಗ ಕಬ್ಬಿಣದ ಬಾಗಿಲೇ ಇರಲಿ ಎಂದನಂತೆ.

ಬಾಯಿ ಶುದ್ಧ

ಕಡೆಗೂ ಹೋಟೆಲಿನವರು ಬರುವ ದಿನ ಬಂತು. ಹಿಂದಿನ ದಿನವೇ ಮಾಲಕರು ಎಲ್ಲರನ್ನೂ ನಿಲ್ಲಿಸಿ ಹೇಳಿದರು, "ಬರೂ ಸಾಹೇಬ್ರಿಗೆ ಯಾರೂ ಏನೂ ತಿನ್ನಾಕ ಕೊಡಬ್ಯಾಡ್ರಿ. ಚಹಾನೂ ಬ್ಯಾಡ. ಬಾಯಿ ಶುದ್ಧ ಇದ್ರನ ಪೀಪಾಯಿ ರುಚಿ ತಿಳೀತೈತಿ."

ಕಾಕಾರಿಗೆ ಇದು ಜೀರ್ಣವಾಗಲಿಲ್ಲ. "ಅಷ್ಟು ದೂರದಿಂದ ಬಂದ ಮನಶ್ಯಾನ್ನ ಹಸಕೊಂಡು ಕುಂಡ್ರಸೂದಾ? ಇದೆಲ್ಲಿ ರೀತಿ?" ಎಂದು ನನ್ನ ಮುಂದೆ ಗೊಣಗಿದರು. ನಾನು ರುಚಿಯ ವಿಜ್ಞಾನವನ್ನು ಕನ್ನಡದಲ್ಲಿ ಹೇಳಲು ಹೋಗಿ ಅರ್ಧಕ್ಕೇ ನಿಲ್ಲಿಸಿದೆ.

ಸಾಹೇಬರನ್ನು ಸ್ಟೇಷನ್ನಿನಿಂದ ಕರೆತರಲು ಹೋದವರು ಕಾಕಾರೇ. ಹನ್ನೊಂದಕ್ಕೆ ಇಬ್ಬರೂ ಇಳಿದರು. ಸಾಹೇಬರ ಕಣ್ಣು ಕೆಂಪು, ಮೂಗಿನಲ್ಲಿ ನೀರು, ತುಟಿ ಊದಿದೆ. ಮಾಲಕರು ಗಾಬರಿಯಾಗಿ ಕಾಕಾರನ್ನು ಮೂಲೆಗೆ ಎಳೆದರು.

"ಏನು ಕೊಟ್ಟಿ?"

"ಏನೂ ಇಲ್ರಿ. ಮಿರ್ಚಿ ಭಜಿ, ನಾಕ."

"ನಾಕ?"

"ಆರು ತಗೊಂಡಿದ್ದೆ. ಎರಡು ನಾ ತಿಂದೆ."

ಅಕ್ಕಾರು ಬಾಗಿಲಲ್ಲಿ ಟೇಪು ಬಿಚ್ಚಿ ನಿಂತಿದ್ದರು. ನಾನು ನಾಲ್ಕು ಗ್ಲಾಸಿಗೆ ಎರಡೆರಡು ಗುಟುಕು ಹಾಕಿಟ್ಟೆ. ಇಂಥವರು ಬಾಯಲ್ಲಿ ಆಡಿಸಿ ಉಗುಳುತ್ತಾರೆಂದು ಪಕ್ಕದಲ್ಲಿ ಬಕೀಟೂ ಇಟ್ಟಿದ್ದೆ. ಸಾಹೇಬರು ಬಕೀಟಿನ ಕಡೆ ನೋಡಲೇ ಇಲ್ಲ. ನಾಲ್ಕನ್ನೂ ಒಂದೇ ಉಸಿರಿಗೆ ಕುಡಿದು, "ಇನ್ನಷ್ಟು," ಎಂದರು. ಹಾಕಿದೆ. ಮತ್ತೆ ಕುಡಿದು, ಕಣ್ಣೀರು ಒರೆಸಿಕೊಂಡು, "ಇಷ್ಟು ವರ್ಷದಲ್ಲಿ ಬಿಯರ್ ನನಗೆ ಇಷ್ಟು ಹಿತ ಅನಿಸಿರಲಿಲ್ಲ," ಎಂದರು. ಮೊದಲು ಒಂದು ಪೀಪಾಯಿ ಕಳಿಸಿ, ನಮ್ಮ ಗಿರಾಕಿಗಳೂ ಒಪ್ಪಿದರೆ ಉಳಿದವೂ ನಮಗೇ ಎಂದು ಹೇಳಿ ಹೋದರು. ಮಲ್ಲಿಗೆಯನ್ನು ಕಳಿಸಿದೆವು. ಅಕ್ಕಾರು ಟೇಪು ಸುತ್ತಿದರು, ಆದರೆ ಮನೆಗೆ ಒಯ್ಯಲಿಲ್ಲ.

ಎರಡು ವಾರಕ್ಕೆ ಫೋನು ಬಂತು. ಮಾಲಕರು ಸ್ಪೀಕರಿನಲ್ಲಿ ಇಟ್ಟರು, ಎಲ್ಲರೂ ಸುತ್ತ ನಿಂತೆವು.

"ಬಿಯರ್ ಚೆನ್ನಾಗಿದೆ," ಎಂದರು ಸಾಹೇಬರು. "ಆದರೆ ಅಲ್ಲಿ ಕುಡಿದಾಗಿನ ಆ ಸುಖ ಇಲ್ಲಿ ಬರುತ್ತಿಲ್ಲ. ಏನಾದರೂ ಬದಲಾಗಿದೆಯಾ?"

ಮಾಲಕರ ಮುಖ ಬಿಳುಚಿತು. ನಾನು ದಾಖಲೆ ಪುಸ್ತಕದ ಹಾಳೆ ತಿರುವತೊಡಗಿದೆ. ಹುಳಿ ಸರಿಯಿತ್ತು, ಯೀಸ್ಟು ಸರಿಯಿತ್ತು. ಕಾಕಾ ನನ್ನನ್ನು ಸರಿಸಿ ಫೋನಿಗೆ ಬಗ್ಗಿದರು.

"ಸಾಹೇಬ್ರ, ನಾನ್ರಿ, ಸ್ಟೇಷನ್ನಿಗೆ ಬಂದಾಂವ. ಭಜಿ ತಿಂದು ಕುಡದ್ರೋ, ಹಂಗ ಕುಡದ್ರೋ?"

ಸಾಹೇಬರ ದನಿ ಸಣ್ಣದಾಯಿತು. "ಹಾಗೇ ಕುಡಿದ್ವಿ."

"ಮತ್ತ!" ಎಂದು ಕಾಕಾ ಗದರಿಸಿದರು. "ಅದಕ್ಕ ಪೀಪಾಯಿ ಏನು ಮಾಡಬೇಕ್ರಿ?"

ವಾರದೊಳಗೆ ಆರ್ಡರು ಬಂತು. ಪೀಪಾಯಿ ಕೋಣೆ ಉಳಿಯಿತು. ಮಾಲಕರ ಕಣ್ಣು ತುಂಬಿದ್ದರಿಂದ ಓದುವ ಕೆಲಸ ನನಗೆ ಬಂತು. ಒಂದನೇ ಸಾಲು: ಗದಗದ ಭಜಿ ಕರಿಯುವವರು, ಒಬ್ಬರು. ಎರಡನೇ ಸಾಲು: ಪೀಪಾಯಿ ಬಿಯರ್, ಉಳಿದ ಮೂರೂ.

"ನಾ ಹತ್ತು ತಿಂಗಳಾ ಮಲಗಿಸಿ ಕಾದದ್ದು ಎರಡನೇ ನಂಬರಿಗೆ ಬಂತಲ್ಲೋ ಕಾಕಾ!" ಎಂದರು ಮಾಲಕರು.

ಕಾಕಾ ಅವರ ಬೆನ್ನು ಸವರಿ ಸಮಾಧಾನ ಹೇಳಿದರು. "ಬ್ಯಾಸರ ಮಾಡ್ಕೋಬ್ಯಾಡ್ರಿ ಮಾಲಕ್ರ. ಭಜಿ ಆರಿದ್ರ ಯಾರೂ ತಿನ್ನಂಗಿಲ್ಲ, ಅದಕ್ಕ ಅದನ್ನ ಮೊದಲ ಬರದಾರ. ನಿಮ್ದೇನು, ಹೆಂಗೂ ಆರಿದ್ದ ಐತಿ!"