ನಾನು ಎತ್ತಿಕೊಳ್ಳದ ಕೂಸು

ಊರವರ ಮಕ್ಕಳ ಗುಣ ಹೇಳುವುದರಲ್ಲಿ ನನ್ನಷ್ಟು ಶಾಣ್ಯಾ ಇಡೀ ಹುನಗುಂದ ತಾಲೂಕಿನಲ್ಲಿ ಇನ್ನೊಬ್ಬನಿರಲಿಲ್ಲ. ಇದನ್ನು ನಾನೇ ಹೇಳಿಕೊಳ್ಳುತ್ತಿದ್ದೇನೆಂದು ನಗಬೇಡಿರಿ; ಬೇರೆಯವರು ಹೇಳಲಿ ಎಂದು ಮೂವತ್ತು ವರ್ಷ ಕಾದೆ, ಯಾರೂ ಹೇಳಲಿಲ್ಲ. ಇಳಕಲ್ಲಿನ ಒಂದು ಸಾಲೆಯಲ್ಲಿ ನಾನು ಬಿಗರಿ ಮಾಸ್ತರನಾಗಿದ್ದೆ. ಬಿಗರಿ ಎಂದರೆ ಒಂದನೆಯ ಇಯತ್ತೆಗೂ ಮೊದಲಿನ ತರಗತಿ, ಮೂಗು ಒರೆಸಿಕೊಳ್ಳಲು ಬಾರದ ಮಕ್ಕಳ ಹಿಂಡು. ಮೇಲಿನ ಇಯತ್ತೆಯ ಮಾಸ್ತರರು ಗಣಿತ, ಭೂಗೋಳ ಎಂದು ದೊಡ್ಡ ದೊಡ್ಡ ಮಾತಾಡುತ್ತಿದ್ದರು. ನನ್ನ ಪಾಲಿಗೆ ಬಂದದ್ದು ರಮಿಸುವುದು, ಹೆದರಿಸುವುದು, ಮತ್ತು ಧೋತರದ ತುದಿಯಿಂದ ಮೂಗು ಒರೆಸುವುದು. ಹಾಗಾಗಿ ಮಕ್ಕಳನ್ನು ನೋಡುವ ವಿದ್ಯೆಯನ್ನೇ ನನ್ನ ದೊಡ್ಡಸ್ತಿಕೆ ಮಾಡಿಕೊಂಡೆ. ಹೊಸ ಕೂಸು ಸಾಲೆಯ ಕಟ್ಟೆ ಹತ್ತುವಾಗ ಅಪ್ಪನ ಬೆರಳು ಹಿಡಿದಿದೆಯೋ ಧೋತರ ಹಿಡಿದಿದೆಯೋ ಎಂದು ನೋಡಿ, ಅದು ಹಟಮಾರಿಯೋ ಅಂಜುಬುರುಕಿಯೋ ಹೇಳಿಬಿಡುತ್ತಿದ್ದೆ. ಹತ್ತರಲ್ಲಿ ಆರು ಸಲ ಖರೆಯಾಗುತ್ತಿತ್ತು. ಉಳಿದ ನಾಲ್ಕು ಸಲ ಕೂಸಿನದೇ ತಪ್ಪು.

ಆಗ ರಾಣಿಯ ಸರ್ಕಾರ ಹೋಗಿ ರಾಜನ ಸರ್ಕಾರ ಬಂದ ಹೊಸತು. ನಮ್ಮ ಸಾಲೆಯ ತಪಾಸಣೆಗೆ ಬರುತ್ತಿದ್ದ ಸಾಹೇಬರು ಧಾರವಾಡದ ಕಡೆಯವರು, ಓದುವ ಹುಚ್ಚಿನವರು. ಯಾವುದೋ ಹೊಸ ಪುಸ್ತಕ ಓದಿದರೆಂದರೆ ಅದರ ಬಿಸಿ ತಾಗುವುದು ನಮ್ಮಂಥ ಬಡ ಮಾಸ್ತರರಿಗೆ. ಆ ಸಲ ಟಾಂಗಾ ಇಳಿದವರೇ ಹೇಳಿದರು: “ಮಾಸ್ತರ್, ಹುಡುಗರಿಗೆ ಅಕ್ಷರಾ ಎಷ್ಟು ಬರ್ತಾವ ಅಂತ ಎಲ್ಲಾರೂ ಬರದು ಕಳಸ್ತಾರ. ಕೂಸು ಮಂದಿ ಕೂಡ ಹೆಂಗ ಇರ್ತದ, ಅದನ್ನ ಯಾರೂ ನೋಡೂದಿಲ್ಲ. ಇನ್ನೂ ಸಾಲಿಗೆ ಬರದ ಒಂದು ಕೂಸು ಆರಿಸ್ಕೋರಿ. ಸಾಕೋರ ಕೂಡ ಹೆಂಗ, ಓರಗಿಯವರ ಕೂಡ ಹೆಂಗ, ಎಂಟು ದಿವಸ ನೋಡಿ ಬರೀರಿ. ನೋಡೂದು ಅಷ್ಟ, ನಡುವ ಬಾಯಿ ಹಾಕಬ್ಯಾಡ್ರಿ.” ಹೀಗೆಂದು ನನ್ನ ವಹಿಯಲ್ಲಿ ತಮ್ಮ ಕೈಯಾರೆ ಒಂದು ಕೋಷ್ಟಕ ಗೀಚಿದರು. ತಾಯಿಯೊಂದಿಗೆ, ತಂದೆಯೊಂದಿಗೆ, ಅಜ್ಜ ಅಜ್ಜಿಯೊಂದಿಗೆ, ನೆರೆಯವರೊಂದಿಗೆ, ಓರಗೆಯವರೊಂದಿಗೆ ಎಂದು ಎಡಕ್ಕೆ ಬರೆದರು. ಬಲಕ್ಕೆ ನಾನು ತುಂಬಬೇಕಾದ ಖಾಲಿ ಜಾಗ.

ಇಳಕಲ್ಲಿನ ಬಿಸಿಲು ನಿಮಗೆ ಗೊತ್ತಿಲ್ಲದಿದ್ದರೆ ಪುಣ್ಯವಂತರು. ಆ ಬಿಸಿಲಲ್ಲಿ ಯಾರದೋ ಮನೆಯ ಮುಂದೆ ಎಂಟು ದಿನ ನಿಂತು ಒಳಗೆ ಇಣುಕಿದರೆ ಮೂರನೆಯ ದಿನವೇ ನೇಕಾರರು ಮಗ್ಗ ಬಿಟ್ಟೆದ್ದು ನನ್ನ ಗುಣ ಹೇಳುತ್ತಿದ್ದರು. ಅದಕ್ಕೆ ಸುಲಭದ ದಾರಿ ಹಿಡಿದೆ. ನನ್ನ ಮನೆಯಲ್ಲಿಯೇ ನಾಲ್ಕು ವರ್ಷದ ಕೂಸೊಂದಿತ್ತು. ನನ್ನ ಮಗ ಚನಬಸು. ನನ್ನ ಮಗನೆಂದು ಬರೆದರೆ ಸಾಹೇಬರು ಸೋಮಾರಿ ಎಂದಾರೆಂದು “ನಮ್ಮ ಓಣಿಯ ಒಬ್ಬ ಬಾಲಕ” ಎಂದು ಬರೆದುಕೊಂಡೆ.

ಮುಂದಿನದನ್ನು ಹೇಳುವ ಮೊದಲು ನಮ್ಮ ಮನೆಯ ರೀತಿ ಹೇಳಬೇಕು. ಮನೆಯಲ್ಲಿ ನನ್ನ ಅಪ್ಪ, ಅವ್ವ, ಹೆಂಡತಿ ನೀಲವ್ವ, ನಾನು, ಕೂಸು. ಅಪ್ಪ ಬೆಳಿಗ್ಗೆ ಪೂಜೆ ಮುಗಿಸಿ, ಹಣೆತುಂಬ ವಿಭೂತಿ ಬಳಿದುಕೊಂಡು ಪಡಸಾಲೆಯ ಕಂಬಳಿಯ ಮೇಲೆ ಕುಳಿತರೆ ಏಳುತ್ತಿದ್ದುದು ಊಟಕ್ಕೆ. ಹಿರಿಯರ ಕಣ್ಣ ಮುಂದೆ ತನ್ನ ಕೂಸನ್ನು ತಾನೇ ಎತ್ತಿ ಮುದ್ದಾಡುವವನಿಗೆ ನಾಚಿಕೆ ಇಲ್ಲವೆಂಬುದು ನಮ್ಮ ಕಡೆಯ ನಡಾವಳಿ. ನೆರೆಯವರ ಕೂಸನ್ನು ಎತ್ತಬಹುದು, ತಂಗಿಯ ಕೂಸನ್ನು ಹೆಗಲ ಮೇಲೆ ಕೂಡಿಸಬಹುದು. ತನ್ನದು ಕಾಲಿಗೆ ತೊಡರಿದರೂ ಕಂಬ ನೋಡುತ್ತ ನಿಲ್ಲಬೇಕು. ನಾನೋ ಮರ್ಯಾದಸ್ಥ, ಮೇಲಾಗಿ ಮಾಸ್ತರ. ಸಾಲೆಯಲ್ಲಿ ದಿನಕ್ಕೆ ನಾಲ್ಕು ಕೂಸುಗಳನ್ನಾದರೂ ಸೊಂಟಕ್ಕೇರಿಸಿಕೊಂಡು ತಿರುಗುತ್ತಿದ್ದವನು ಮನೆಗೆ ಬಂದೊಡನೆ ಕೈ ಹಿಂದೆ ಕಟ್ಟಿಕೊಳ್ಳುತ್ತಿದ್ದೆ. ಇಂಥ ಮನೆಯಲ್ಲಿ ಬೆಳೆದ ಕೂಸು ಯಾರನ್ನು ಏನೆಂದು ಕರೆಯಬೇಕು? ನಾನು ಅಪ್ಪ ಎಂದು ಕರೆಯುವವರನ್ನು ಅದೂ ಅಪ್ಪ ಎಂದಿತು, ಅವ್ವನನ್ನು ಅವ್ವ ಎಂದಿತು. ಹೆತ್ತವಳನ್ನು, ಅತ್ತೆ ಕರೆದಂತೆ, “ನೀಲವ್ವಾ” ಎಂದು ಕೂಗುತ್ತಿತ್ತು. ನನ್ನನ್ನು ಮನೆಮಂದಿಯೆಲ್ಲ ಮಾಸ್ತರ ಎನ್ನುತ್ತಿದ್ದುದರಿಂದ ಅದಕ್ಕೂ ನಾನು ಮಾಸ್ತರನೇ. ಕೇಳಿ ನಮಗೆಲ್ಲ ನಗು. ನಾನೂ ನಗುತ್ತಿದ್ದೆ.

ಎಂಟು ದಿನದ ತಪಾಸಣೆ ಶುರುವಾಯಿತು. ಕಣಜದ ಮಗ್ಗುಲಲ್ಲಿ ಕುಳಿತು, ಪುಸ್ತಕ ಅಡ್ಡ ಹಿಡಿದು, ಕಳ್ಳಗಣ್ಣಿನಿಂದ ನೋಡುವುದು. ಮೊದಲ ದಿನ ಪುಸ್ತಕ ತಲೆಕೆಳಗಾಗಿ ಹಿಡಿದಿದ್ದೆನೆಂದು ಅವ್ವ ಹೇಳಿದಳು; ಅವಳಿಗೆ ಓದು ಬಾರದು, ಆದರೂ ಚಿತ್ರದಲ್ಲಿಯ ಎತ್ತು ಕಾಲು ಮೇಲೆ ಮಾಡಿದ್ದು ಕಾಣಿಸಿತಂತೆ. ಇರಲಿ. ಅಜ್ಜಿಯೊಂದಿಗೆ ಬಾಲಕನದು ದೊರೆಯ ದರ್ಬಾರು. ರೊಟ್ಟಿ ಮುರಿದು ಕೊಟ್ಟರೆ ಇಡಿಯದು ಬೇಕು, ಇಡಿಯದು ಕೊಟ್ಟರೆ ಯಾಕೆ ಮುರಿಯಲಿಲ್ಲವೆಂದು ರಂಪಾಟ. ಅಜ್ಜನ ಮೀಸೆ ಜಗ್ಗುತ್ತಿದ್ದ. ಅವರ ವಿಭೂತಿ ಗಟ್ಟಿ ಕದ್ದು ಕರುವಿನ ಹಣೆಗೆ ಬಳಿಯುತ್ತಿದ್ದ. ನನ್ನನ್ನು ಒಂದು ನೋಟದಿಂದ ನಡುಗಿಸುತ್ತಿದ್ದ ಅಪ್ಪ, “ನಮ್ಮ ಹೋರಿ ಶರಣ ಆತು ನೋಡ್ರೆಪ್ಪಾ!” ಎಂದು ಹೊಟ್ಟೆ ಹಿಡಿದು ನಗುತ್ತಿದ್ದರು. ಪಕ್ಕದ ಮನೆಯ ಇಮಾಮಸಾಬ ನೂಲಿಗೆ ಬಣ್ಣ ಹಾಕುವವನು. ಅವನು ಅಂಗಳಕ್ಕೆ ಬಂದರೆ ಸಾಕು, ಬಾಲಕ ಓಡಿಹೋಗಿ ಅವನ ಹೆಗಲೇರುತ್ತಿದ್ದ. ಓರಗೆಯವರಲ್ಲಿ ಇಮಾಮಸಾಬನ ಮಗಳು ಫಾತಿಮಾ ಹೇಳಿದ್ದೇ ಕಾಯಿದೆ. ಅವಳು ಕೂಡು ಎಂದರೆ ಕೂಡುತ್ತಿದ್ದ, ಕುದುರೆಯಾಗು ಎಂದರೆ ಆಗುತ್ತಿದ್ದ. ಎದುರು ಮನೆಯ ಹುಡುಗನನ್ನು ಒಮ್ಮೆ ಕಚ್ಚಿದ. ಅವನು ಅತ್ತಾಗ ತನ್ನ ಬಾಯಿಯ ಬೆಲ್ಲ ತೆಗೆದು ಅವನ ಬಾಯಿಗಿಟ್ಟ. “ಸಿಟ್ಟು ಉಂಟು, ಕನಿಕರವೂ ಉಂಟು” ಎಂದು ದುಂಡಗೆ ಬರೆದು, ಅಕ್ಷರದ ಅಂದ ನೋಡುತ್ತ ಕುಳಿತೆ.

ಐದು ದಿನಕ್ಕೆ ಎಲ್ಲ ತುಂಬಿತು, ಒಂದು ಸಾಲು ಬಿಟ್ಟು. “ತಂದೆಯೊಂದಿಗೆ” ಎಂಬುದರ ಮುಂದೆ ಹಾಳೆ ಬಿಳಿಯಾಗಿಯೇ ಇತ್ತು. ನಡುವೆ ಬಾಯಿ ಹಾಕಬಾರದೆಂದು ಸಾಹೇಬರ ಅಪ್ಪಣೆ. ಕೂಸು ತಾನಾಗಿ ಬಂದು ಏನಾದರೂ ಮಾಡೀತು, ಬರೆದೇನು ಎಂದು ಕಾದೆ. ಅದು ನನ್ನ ಮುಂದಿನಿಂದಲೇ ಹತ್ತು ಸಲ ಓಡಾಡಿತು. ಕಣಜವನ್ನು ಬಳಸಿ ಹೋದಂತೆ ನನ್ನನ್ನೂ ಬಳಸಿ ಹೋಯಿತು. ಆರನೆಯ ದಿನ ನೀಲವ್ವ ಒಗೆಯಲೆಂದು ಅದರ ಅಂಗಿಯನ್ನು ಕಲ್ಲಿನ ಮೇಲೆ ಹರವಿದಳು. ಕಂಕುಳ ಕೆಳಗೆ ಇಮಾಮಸಾಬನ ಕೆಂಪು ಬೆರಳು, ಬೆನ್ನಿಗೆ ನನ್ನವ್ವನ ಅರಿಷಿಣದ ಕೈ, ಎದೆಗೆ ಅಪ್ಪನ ವಿಭೂತಿ. ನಾನು ಬಗ್ಗಿ ನೋಡತೊಡಗಿದೆ.

“ಅದೇನ್ರಿ ಅಷ್ಟು ಬಗ್ಗಿ ನೋಡಾಕತ್ತೀರಿ?” ಎಂದಳು.

“ಸರ್ಕಾರಿ ಕೆಲಸ. ನಿನಗ ತಿಳ್ಯೂದಿಲ್ಲ.”

“ನಿಮ್ಮ ಕೈಗೆ ಸಾಲಿ ಖಡುವಿನ ಬಿಳಿ ಪುಡಿ ಮೆತ್ತಿರತೈತಲ್ಲ, ಅದರ ಗುರ್ತು ಹುಡುಕಾಕತ್ತಿದ್ರ ಬಿಡ್ರಿ. ಅದು ಇದರಾಗ ಸಿಗೂದಿಲ್ಲ” ಎಂದು ಅಂಗಿಯನ್ನು ನೀರಿಗದ್ದಿದಳು. ನೀಲವ್ವ ಎರಡಕ್ಷರ ಕಲಿತವಳಲ್ಲ. ಸಾಹೇಬರ ಕೋಷ್ಟಕ ಕಂಡವಳೂ ಅಲ್ಲ. ನನಗೆ ಸಿಟ್ಟು ಬಂತು. ಆಮೇಲೆ ಆ ಸಿಟ್ಟನ್ನು ಯಾರ ಮೇಲೆ ಮಾಡುವುದೆಂದು ತಿಳಿಯಲಿಲ್ಲ.

ಎಂಟನೆಯ ದಿನ ಅಪ್ಪ ಗೆಳೆಯರ ಚಕ್ಕಡಿಯಲ್ಲಿ ಕೂಡಲಸಂಗಮಕ್ಕೆ ಹೊರಟರು. ಬರುವುದು ಮರುದಿನ. ಅವ್ವ ನೆರೆಮನೆಯಲ್ಲಿ ಶ್ಯಾವಿಗೆ ಹೊಸೆಯಲು ಕುಳಿತಿದ್ದಳು. ಪಡಸಾಲೆಯ ಕಂಬಳಿ ಖಾಲಿ. ಈ ಮನೆಯಲ್ಲಿ ಹೀಗೊಂದು ಹೊತ್ತು ಒದಗಿದ್ದು ನಾಲ್ಕು ವರ್ಷದಲ್ಲಿ ಅದೇ ಮೊದಲೇನೋ. ಸಾಹೇಬರ ಅಪ್ಪಣೆಯನ್ನು ಬದಿಗಿಟ್ಟು, “ಚನ್ನೂ, ಬಾ ಇಲ್ಲೆ” ಎಂದು ಕರೆದೆ. ಬಂದ. ಬಂದವನು ಎರಡು ಕೈ ಕಟ್ಟಿಕೊಂಡು, ಕಾಲು ಜೋಡಿಸಿ ನಿಂತ. ನಾನು ಹಿಂದೆ ಮುಂದೆ ನೋಡಿ, ಕಳ್ಳನಂತೆ ಬಗ್ಗಿ ಎತ್ತಿಕೊಂಡುಬಿಟ್ಟೆ. ಅಷ್ಟು ಭಾರವಿದ್ದಾನೆಂದು ನನಗೆ ಗೊತ್ತಿರಲಿಲ್ಲ. ತಲೆಯಿಂದ ಔಡಲೆಣ್ಣೆಯ ವಾಸನೆ ಬರುತ್ತಿತ್ತು. ಕುತ್ತಿಗೆಯ ಹಿಂದೊಂದು ಮಚ್ಚೆಯಿತ್ತು. ಅದನ್ನೂ ಆವತ್ತೇ ಕಂಡೆ. ಇಮಾಮಸಾಬನ ಹೆಗಲ ಮೇಲೆ ಬಳ್ಳಿಯಂತೆ ಹಬ್ಬುತ್ತಿದ್ದ ಕೂಸು ನನ್ನ ಕೈಯಲ್ಲಿ ಒನಕೆಯಾಗಿತ್ತು. ಮೆಲ್ಲಗೆ ಕೇಳಿದ:

“ಮಾಸ್ತರ್ರ, ನಾ ಏನ ತಪ್ಪ ಮಾಡೇನ್ರಿ?”

“ಏನೂ ಇಲ್ಲೋ ತಮ್ಮಾ. ಸುಮ್ನ ಎತ್ಕೊಂಡೆ.”

“ಹಂಗಾರ ಇಳಸ್ರಿ. ಅಪ್ಪ ನೋಡಿದ್ರ ನಿಮಗ ಬೈತಾನ.”

ನನ್ನನ್ನು ಬೈಗುಳದಿಂದ ಉಳಿಸಬೇಕೆಂದು ಆ ಕೂಸಿಗಿತ್ತು! ಅಷ್ಟು ಮರ್ಯಾದೆಯನ್ನು ಅದಕ್ಕೆ ಯಾರು ಕಲಿಸಿದರು, ನಾನೇ ತಾನೆ? ಏನಾದರೂ ಹೇಳಬೇಕೆನ್ನುವಷ್ಟರಲ್ಲಿ ಬಾಗಿಲಲ್ಲಿ ಕೆಮ್ಮು ಕೇಳಿಸಿತು. ದಾರಿಯಲ್ಲಿ ಎತ್ತು ಕುಂಟಿ ಚಕ್ಕಡಿ ತಿರುಗಿ ಬಂದಿತ್ತು. ನಾನು ಕೂಸನ್ನು ಇಳಿಸಿದೆ ಎನ್ನಲಾರೆ, ಕೈಬಿಟ್ಟೆ. ಅದು ದೊಪ್ಪನೆ ಕುಳಿತು, ಎದ್ದು, ಅಳದೆ ಹಿತ್ತಲಿಗೆ ಓಡಿತು. ಅಪ್ಪ ಎಲ್ಲ ಕಂಡಿದ್ದರು. ಬೈಯಲಿಲ್ಲ. ರುಮಾಲು ತೆಗೆದು ಗೂಟಕ್ಕೆ ಹಾಕಿದರು, ಕಾಲು ತೊಳೆದು ಬಂದು ಕುಳಿತರು. ನನ್ನ ಕಡೆ ನೋಡದೆ ಹೇಳಿದರು: “ನೀ ಸಣ್ಣಾಂವ ಇದ್ದಾಗ ನಮ್ಮಪ್ಪ ಇಲ್ಲೇ ಕುಂದ್ರತಿದ್ದ, ಇದ ಜಾಗಾದಾಗ.” ನಾನು ಹೂಂ ಎಂದೆ. “ಇವನ್ನ ಎತ್ತಿಕೊಂಡಾಗ ಒಂದೊಂದು ಸಲ ನೀನ ಅಂತ ಅನಸ್ತೈತಿ, ಮಾಸ್ತರಾ” ಎಂದರು. ಹೋಗಲಿ ಎತ್ತಿಕೋ ಎಂದು ಅವರು ಹೇಳಲಿಲ್ಲ, ಎತ್ತಿಕೊಳ್ಳಲೇ ಎಂದು ನಾನು ಕೇಳಲಿಲ್ಲ. ಇಬ್ಬರೂ ಮರ್ಯಾದಸ್ಥರು.

ಆ ಸಂಜೆ ವಹಿ ತೆಗೆದು, ಖಾಲಿ ಸಾಲಿನಲ್ಲಿ ಬರೆದೆ: “ತಂದೆಯೊಂದಿಗೆ ಬಾಲಕನು ಅತ್ಯಂತ ಸಲಿಗೆಯಿಂದ ಇರುತ್ತಾನೆ. ತಂದೆಯನ್ನು ಕಂಡೊಡನೆ ಓಡಿಬಂದು ತೋಳಿಗೆ ಏರುತ್ತಾನೆ.” ಮೂವತ್ತು ವರ್ಷದ ನೌಕರಿಯಲ್ಲಿ ನಾನು ಬರೆದ ಒಂದೇ ಒಂದು ಕಥೆ ಅದು. ಕಥೆ ಚೆನ್ನಾಗಿಯೇ ಬಂದಿತ್ತು. ಮುಂದಿನ ತಿಂಗಳು ಹುನಗುಂದದಲ್ಲಿ ತಾಲೂಕಿನ ಮಾಸ್ತರರು ಸೇರಿದಾಗ ಸಾಹೇಬರು ನನ್ನನ್ನೇ ಎಬ್ಬಿಸಿ ಎಲ್ಲರೆದುರು ಓದಿಸಿದರು. “ಈ ತಂದಿ ಯಾರ್ರೀ ಮಾಸ್ತರ್? ಇಂಥಾವ್ರು ನಮ್ಮ ಕಡೆ ಇದ್ದಾರ ಅಂದ್ರ ಭಾಳ ಸಂತೋಷ ಆಗ್ತದ” ಎಂದರು. “ನಮ್ಮ ಓಣ್ಯಾವ್ರ ಒಬ್ರು ಅದಾರ್ರಿ. ಹೆಸರು ಹೇಳಬ್ಯಾಡ ಅಂದಾರ” ಎಂದೆ. ಬಾದಾಮಿ ಕಡೆಯಿಂದ ವರ್ಗವಾಗಿ ಬಂದಿದ್ದ ಒಬ್ಬ ಮುದುಕ ಮಾಸ್ತರ ಮಾತ್ರ ನನ್ನನ್ನೇ ದಿಟ್ಟಿಸಿ ನೋಡಿ, ತಲೆ ತಗ್ಗಿಸಿದ. ಅವನಿಗೂ ಮಕ್ಕಳಿದ್ದವೆಂದು ಕಾಣುತ್ತದೆ.

ಮರುವರ್ಷ ಚನಬಸು ನನ್ನ ಬಿಗರಿಗೇ ಬಂದು ಕುಳಿತ. ಮಾಸ್ತರ ಎಂಬ ಹೆಸರನ್ನು ಬದಲಿಸುವ ಪ್ರಸಂಗವೇ ಬರಲಿಲ್ಲ. ಅವನಿಗೆ ಒಂಬತ್ತು ತುಂಬಿದಾಗ ಅಪ್ಪ ಲಿಂಗೈಕ್ಯರಾದರು. ಪಡಸಾಲೆ ತೆರವಾಯಿತು, ಇನ್ನು ನನ್ನನ್ನು ತಡೆಯುವವರಿಲ್ಲ. ಆದರೆ ಒಂಬತ್ತು ವರ್ಷದ ಗಂಡುಹುಡುಗನನ್ನು ಯಾರು ಎತ್ತುತ್ತಾರೆ? ನನ್ನ ಸೊಂಟ ಉಳುಕುತ್ತಿತ್ತು, ಅವನು ನಾಚಿ ಸಾಯುತ್ತಿದ್ದ. ನಾನು ಸಾವಿರ ಕೂಸುಗಳನ್ನು ಎತ್ತಿದ್ದೇನೆ. ಆ ಒಂದನ್ನು ಮನಸಾರೆ ಎತ್ತಲಿಲ್ಲವೆಂಬ ಸಂಕಟ ಈಗಲೂ ಉಣ್ಣಲು ಕುಳಿತಾಗ ತುತ್ತಿಗೆ ಅಡ್ಡ ಬರುತ್ತದೆ. ನಗಬೇಕೆಂದು ಬರೆಯಲು ಕುಳಿತವನು, ಕ್ಷಮಿಸಿರಿ.

ಈಗ ಚನಬಸುವಿಗೆ ಒಂದೂವರೆ ವರ್ಷದ ಮಗಳು, ಗಂಗವ್ವ. ನೌಕರಿ ಮುಗಿದ ನಾನು ದಿನವೆಲ್ಲ ಪಡಸಾಲೆಯಲ್ಲಿ. ಆ ಕಂಬಳಿಯ ಮೇಲೆ ಕುಳಿತವನನ್ನು ಸೊಸೆ ಅಪ್ಪ ಎನ್ನುತ್ತಾಳೆ, ಅವಳಿಂದ ಕೇಳಿ ಗಂಗವ್ವನೂ. ಸಂಜೆ ಅವನು ಕಚೇರಿಯಿಂದ ಬಂದಾಗ ಕೂಸು ಎರಡೂ ಕೈ ಚಾಚುತ್ತದೆ. ಅವನು ನನ್ನ ಕಡೆಗೊಮ್ಮೆ ನೋಡಿ, ಕಾಲು ತೊಳೆಯುವ ನೆವದಿಂದ ಒಳಗೆ ಹೋಗುತ್ತಾನೆ. ಒಂದು ದಿನ ತಡೆಯಲಾರದೆ, “ಎತ್ತಿಕೊಳ್ಳೋ, ನಾ ಏನೂ ಅನ್ನಾಂವಲ್ಲ” ಎಂದೆ. “ಹೂನ್ರಿ” ಎಂದ. ಕೆಂಪಗಾಗಿ ಒಳಗೇ ಹೋದ. ಬಾಯಿಮಾತಿನ ಪರವಾನಗಿಯಿಂದ ಆಗುವ ಕೆಲಸ ಇದಲ್ಲ, ನಾನೇ ಜಾಗ ಖಾಲಿ ಮಾಡಬೇಕೆಂದು ತಿಳಿಯಿತು. ಮೊನ್ನೆ ಅವನು ಬರುವ ಹೊತ್ತಿಗೆ ಸರಿಯಾಗಿ ಎದ್ದು, “ಇಮಾಮಸಾಬನ ಮನಿತನಕ ಹೋಗಿ ಬರ್ತೇನಿ” ಎಂದು ಗಟ್ಟಿಯಾಗಿ ಸಾರಿ ಹೊರಗೆ ನಡೆದೆ. ಎರಡು ಮೆಟ್ಟಿಲಿಳಿದು, ಹಳೆಯ ಚಟ, ತಿರುಗಿ ನೋಡಿದೆ. ಮಗ ಪಡಸಾಲೆಯಲ್ಲಿ ಕುಕ್ಕುರುಗಾಲಲ್ಲಿ ಕುಳಿತು, ಎರಡೂ ತೋಳು ಚಾಚಿದ್ದ.

ಅಷ್ಟರಲ್ಲಿ ಗಂಗವ್ವ ನನ್ನನ್ನು ಕಂಡಳು. “ಅಪ್ಪಾ!” ಎಂದು ಚೀರಿ, ಅವನ ತೋಳಿನ ಪಕ್ಕದಿಂದಲೇ ನುಸುಳಿ ನನ್ನತ್ತ ಓಡಿ ಬಂದಳು. ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ನನಗಿಂತ ಚೆನ್ನಾಗಿ ಯಾರು ಬಲ್ಲರು? ಬೆನ್ನು ತಿರುಗಿಸಿ ನಡೆಯಬೇಕು, ಕೂಸು ಎರಡು ಗಳಿಗೆ ಅತ್ತು ತಂದೆಯ ಕಡೆ ಹೋಗುತ್ತದೆ. ನಾನು ಬಗ್ಗಿ ಎತ್ತಿಕೊಂಡೆ. ಅವಳು ನನ್ನ ಕಿವಿ ಹಿಡಿದುಕೊಂಡಳು. ಮಗ ಎದ್ದು ನಿಂತು, ಬರಿದಾದ ಕೈಗಳಿಂದ ಧೋತರದ ನೆರಿಗೆ ಸರಿಮಾಡಿಕೊಳ್ಳುತ್ತಿದ್ದ. “ತೊಗೋಳೋ ಚನ್ನೂ, ನಿನ್ನ ಕೂಸು” ಎಂದು ನಾನು ಹೇಳಿದ್ದು ಖರೆ. ಹೇಳುತ್ತ ಅವಳನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡಿದ್ದೂ ಖರೆ.