ಎರೆಹುಳುವಿನ ಕಿವಿ

ಮನೆಗೆ ಬಣ್ಣ ಬಳಿಯುವವರು ಬರದೇ ಇದ್ದಿದ್ದರೆ ಎರೆಹುಳು ಮೇಷ್ಟ್ರು ಆ ದಿನ ರಜೆ ಹಾಕಿ ಹಾಯಾಗಿ ಮನೆಯಲ್ಲಿ ಬಿದ್ದುಕೊಂಡಿರುತ್ತಿದ್ದರು. ಪ್ರಾಣಿಶಾಸ್ತ್ರ ವಿಭಾಗದ ಮುಖ್ಯಸ್ಥರು ಅವರಿಗೆ ಹೇಳಿದ್ದೂ ಅದನ್ನೇ. ವಿಶ್ವವಿದ್ಯಾಲಯಗಳ ಸಂಶೋಧನೆಗೆ ದರ್ಜೆ ಕೊಟ್ಟು, ಆ ದರ್ಜೆ ನೋಡಿ ಅನುದಾನ ಹಂಚುವ ರಾಷ್ಟ್ರೀಯ ಸಮಿತಿ ಬರುವ ದಿನ ಅದು. ಉಳಿದವರೆಲ್ಲ ಪ್ರಬಂಧಗಳನ್ನು ಗುಡ್ಡೆ ಹಾಕಿಕೊಂಡು ಕೂತಿದ್ದರು. ಮೇಷ್ಟ್ರ ಹೆಸರಿನಲ್ಲಿದ್ದದ್ದು ಒಂದೇ ಒಂದು, ಅದೂ ಹಳೆಯದು.

"ನೀವು ಕಣ್ಣಿಗೆ ಬಿದ್ರೆ ನಮ್ಮ ಸರಾಸರಿ ನೆಲ ಕಚ್ಚುತ್ತೆ. ಆಮೇಲೆ ನಮ್ಮನ್ನೆಲ್ಲ ಎತ್ಕೊಂಡು ಹೋಗಿ ರಸಾಯನಶಾಸ್ತ್ರದವರ ಹಿತ್ತಲಿಗೆ ಹಾಕ್ತಾರೆ. ದಯವಿಟ್ಟು ಅವತ್ತೊಂದಿನ ಮಾಯ ಆಗ್ಬಿಡಿ" ಎಂದಿದ್ದರು ಮುಖ್ಯಸ್ಥರು.

ಆದರೆ ಮನೆಯಲ್ಲಿ ಹೆಂಡತಿ, "ಏಣಿ ಕೆಳಗೆ ಕೂತು ಓದ್ತೀನಿ ಅಂದ್ರೆ ನಿಮಗೂ ಒಂದು ಕೋಟ್ ಬಳಿಸ್ತೀನಿ, ಹೊರಡ್ರಿ" ಎಂದು ಹೊರಗಟ್ಟಿದಳು. ಬೇರೆ ದಾರಿ ಕಾಣದೆ ಮೇಷ್ಟ್ರು ಹಿಂಬಾಗಿಲಿನಿಂದ ಪ್ರಯೋಗಾಲಯಕ್ಕೆ ನುಸುಳಿದರು.

ಪಕ್ಕದ ಕೋಣೆಯ ಚಿಟ್ಟೆ ಮೇಡಂ ನೋಡಿಯೇಬಿಟ್ಟರು. "ಅಯ್ಯೋ, ನೀವ್ಯಾಕೆ ಸಾರ್ ಬಂದ್ರಿ! ಸಮಿತಿಯವರು ಮೆಟ್ಟಿಲು ಹತ್ತುತಾ ಇದಾರೆ!" ಎಂದವರೇ ಅವರನ್ನು ಮಣ್ಣಿನ ತೊಟ್ಟಿಗಳಿದ್ದ ಉಗ್ರಾಣಕ್ಕೆ ದಬ್ಬಿ ಬಾಗಿಲೆಳೆದರು.

ಮೇಷ್ಟ್ರು ಒಂದು ತೊಟ್ಟಿಯ ಮುಚ್ಚಳದ ಮೇಲೆ ಕೂತು ನಿಟ್ಟುಸಿರುಬಿಟ್ಟರು. ಅವರ ಆ ಒಂದೇ ಒಂದು ಪ್ರಬಂಧ, ಎರೆಹುಳುಗಳಿಗೆ ಶಬ್ದ ಕೇಳಿಸುತ್ತದೆ ಎಂದು ಪ್ರಾಯದ ಹುರುಪಿನಲ್ಲಿ ಬರೆದದ್ದು. ಹುಳುಗಳು ಅಲುಗಿದ್ದು ಶಬ್ದಕ್ಕಲ್ಲ, ಗೋಡೆಯಾಚೆಯ ನೀರಿನ ಪಂಪು ನೆಲ ನಡುಗಿಸಿದ್ದಕ್ಕೆ ಎಂದು ಆಮೇಲೆ ಗೊತ್ತಾಯಿತು. ಅಂದಿನಿಂದ ತಿದ್ದುಪಡಿ ಬರೆದು ಕಳಿಸುವುದೇ ಅವರ ಕೆಲಸವಾಗಿತ್ತು. "ಇದರಲ್ಲಿ ಹೊಸದೇನೂ ಇಲ್ಲ" ಎಂದು ವಾಪಸ್ ಕಳಿಸುವುದು ಸಂಶೋಧನಾ ಪತ್ರಿಕೆಗಳ ಕೆಲಸ.

ಹೊರಗೆ ಹೆಜ್ಜೆ ಸಪ್ಪಳ. "ಈ ಕೋಣೇಲೇನಿದೆ?" ಸಮಿತಿಯ ಅಧ್ಯಕ್ಷೆಯ ದನಿ.

"ಬೀಗದ ಕೈ ಕಳೆದಿದೆ ಮೇಡಂ" ಎಂದರು ಮುಖ್ಯಸ್ಥರು.

ಅಷ್ಟರಲ್ಲಿ ಮುಚ್ಚಳ ಲಟ್ಟೆಂದು ಮುರಿದು ಮೇಷ್ಟ್ರು ಧೊಪ್ಪನೆ ತೊಟ್ಟಿಯೊಳಗೆ ಕುಸಿದರು.

"ಅದೇನ್ರೀ ಸದ್ದು?"

"ಎ... ಎರೆಹುಳ ಮೇಡಂ."

"ಇಷ್ಟು ಜೋರಾಗಿ?"

ಅಧ್ಯಕ್ಷೆ ತಾವೇ ಬಾಗಿಲು ತಳ್ಳಿದರು. ಮೇಷ್ಟ್ರು ಕುಂಡದಲ್ಲಿ ನೆಟ್ಟ ಗಿಡದಂತೆ ಸೊಂಟದವರೆಗೆ ಮಣ್ಣಿನಲ್ಲಿದ್ದರು.

"ಇವರು ನಮ್ಮ ತೋಟದವರು..." ಎಂದು ಮುಖ್ಯಸ್ಥರು ಶುರುಮಾಡುವಷ್ಟರಲ್ಲಿ ಅಧ್ಯಕ್ಷೆ ಮೇಷ್ಟ್ರ ಕೊರಳಿನ ಗುರುತಿನ ಚೀಟಿ ಓದಿದ್ದರು. "ಅರೆ! ಎರೆಹುಳಕ್ಕೆ ಶಬ್ದ ಕೇಳಿಸುತ್ತೆ ಅಂತ ಬರೆದವರು ನೀವೇನಾ? ಈ ವಿಶ್ವವಿದ್ಯಾಲಯದ ಪ್ರಬಂಧಗಳಲ್ಲಿ ನಿಮ್ಮದನ್ನ ಉಲ್ಲೇಖಿಸಿರೋ ಅಷ್ಟು ಜನ ಇನ್ಯಾವುದನ್ನೂ ಉಲ್ಲೇಖಿಸಿಲ್ಲ!"

ಕಣ್ಣು ಮಿಟುಕಿಸುವುದರೊಳಗೆ ಮುಖ್ಯಸ್ಥರು ತೊಟ್ಟಿಗೆ ಬಾಗಿ ಮೇಷ್ಟ್ರ ಹೆಗಲು ತಬ್ಬಿದರು. "ನಮ್ಮ ಹೆಮ್ಮೆ ಮೇಡಂ ಇವರು. ನಿಜವಾದ ಮಣ್ಣಿನ ಮಗ!"

ಮೇಷ್ಟ್ರಿಗೆ ಮನಸ್ಸು ತಡೆಯಲಿಲ್ಲ. "ಮೇಡಂ, ಅದು ತಪ್ಪು ಪ್ರಬಂಧ. ಉಲ್ಲೇಖಿಸಿದವರೆಲ್ಲ ಬೈಯೋದಕ್ಕೇ ಉಲ್ಲೇಖಿಸಿರೋದು."

ಅಧ್ಯಕ್ಷೆ ನಕ್ಕರು. "ಬೈದ್ರೂ ಒಂದಂಕ, ಹೊಗಳಿದ್ರೂ ಒಂದಂಕ. ನಮ್ಮ ಕಂಪ್ಯೂಟರ್‌ಗೆ ವ್ಯತ್ಯಾಸ ಗೊತ್ತಾಗಲ್ಲ, ಬಿಡಿ."

ಸಂಜೆ ಸಮಿತಿ ವಿಭಾಗಕ್ಕೆ ಅತ್ಯುನ್ನತ ದರ್ಜೆ ಘೋಷಿಸಿ ಹೊರಟಿತು. ಬಟ್ಟೆಯ ಮಣ್ಣು ಕೊಡವುತ್ತಿದ್ದ ಮೇಷ್ಟ್ರ ಮನಸ್ಸು ಹಗುರವಾಯಿತು. ಇನ್ನು ಪಂಪಿನಿಂದ ದೂರ, ನೆಲ ನಡುಗದ ಒಂದು ಕೋಣೆ ಕೇಳಬಹುದು. ಕೊನೆಯ ಪ್ರಯೋಗ ಮುಗಿಸಿ ಆ ಹಳೆಯ ತಪ್ಪನ್ನು ತೊಳೆದುಕೊಳ್ಳಬಹುದು.

ಮುಖ್ಯಸ್ಥರು ಓಡೋಡಿ ಬಂದರು. "ನಿಮಗೇ ಅಂತ ಒಂದು ಕೇಂದ್ರ ಮಂಜೂರು ಮಾಡಿದಾರೆ ಕಣ್ರೀ! ನೀವೇ ನಿರ್ದೇಶಕರು!"

"ಏನು ಕೇಂದ್ರ ಸಾರ್?"

"ಎರೆಹುಳು ಶ್ರವಣ ಸಂಶೋಧನಾ ಕೇಂದ್ರ. ಮುಂದಿನ ಮೌಲ್ಯಮಾಪನದೊಳಗೆ ಇಂಥದ್ದೇ ಇನ್ನೂ ನಾಲ್ಕು ಪ್ರಬಂಧ ಬರಬೇಕಂತೆ."

"ಸಾರ್, ಹುಳಕ್ಕೆ ಕಿವಿಯೇ ಇಲ್ಲ!"

ಮುಖ್ಯಸ್ಥರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ನನಗೆ ಗೊತ್ತಿಲ್ವೇನ್ರೀ? ನಾಲ್ಕನ್ನೂ ಚೆನ್ನಾಗಿ ತಪ್ಪು ಬರೀರಿ. ಸರಿಯಾಗಿ ಬರೆದ್ರೆ ಯಾರ್ರೀ ಬೈತಾರೆ?"